ಅಕ್ಕನ ಹೊಟ್ಟೆಗೆ ಎರಡು ಕಾಲಂ

ನನ್ನ ಅಕ್ಕ ಒಂದು ಕ್ವಿಂಟಲ್ ಹದಿನಾಲ್ಕು ಕಿಲೋ ಇದ್ದಳು. ಕ್ವಿಂಟಲ್ಲಿನಲ್ಲಿ ಹೇಳುತ್ತಿರುವುದು ಚೇಷ್ಟೆಗಲ್ಲ. ಮನೆಯಲ್ಲಿದ್ದ ತೂಕದ ಯಂತ್ರ ಅವಳು ಹತ್ತಿದ ಕೂಡಲೇ ಅಂಕಿ ಬಿಟ್ಟು ಮೂರು ಅಡ್ಡಗೆರೆ ತೋರಿಸುತ್ತಿತ್ತು. ಹಾಗಾಗಿ ಅವಳನ್ನು ಖಾನಾವಳಿಯ ಹಿಂಬದಿಗೆ ಕರೆದೊಯ್ದು, ಅಮ್ಮಿನಬಾವಿಯಿಂದ ಬರುವ ಜೋಳದ ಚೀಲಗಳನ್ನು ತೂಗುವ ಕಾಟಾದ ಮೇಲೆ ನಿಲ್ಲಿಸಲಾಯಿತು. ಮಾಮಾ, ಅಂದರೆ ಅಕ್ಕನ ಗಂಡ, ಚೀಲ ತೂಗುವಾಗಿನ ರೂಢಿಯಂತೆ ಗಟ್ಟಿಯಾಗಿ ಕೂಗಿದರು.

“ಒಂದ ಕ್ವಿಂಟಲ್ ಹದಿನಾಕು!”

ಹೊರಗೆ ಊಟಕ್ಕೆ ಕೂತಿದ್ದವರೊಬ್ಬರು ಅಲ್ಲಿಂದಲೇ ಕೇಳಿದರು: “ಈ ಸಲ ಚೀಲ ದೊಡ್ಡಾವ ಬಂದಾವೇನ್ರಿ?”

“ಹೌದ್ರಿ, ಬಂದು ಮೂವತ್ತ ವರ್ಷ ಆತು,” ಅಂದರು ಮಾಮಾ. ಅಂದು ಸಂಜೆಯವರೆಗೆ ಅಕ್ಕ ಅವರ ಜೊತೆ ಮಾತಾಡಲಿಲ್ಲ.

ಖಾನಾವಳಿ ಇರುವುದು ಹುಬ್ಬಳ್ಳಿಯ ಕಮರಿಪೇಟೆಯ ಹತ್ತಿರದ ಒಂದು ಓಣಿಯಲ್ಲಿ. ಆರು ಟೇಬಲ್ಲು, ಒಂದು ಬಾಗಿಲು, ಮಧ್ಯಾಹ್ನ ಮಾತ್ರ ಊಟ. ಅಕ್ಕ ಅಡುಗೆ ಮಾಡುತ್ತಾಳೆ, ಮಾಮಾ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂರುತ್ತಾರೆ. ಮಾಮಾ ಎಷ್ಟು ತೆಳ್ಳಗೆಂದರೆ ಅವರ ಅಂಗಿ, ಅವರು ತೊಟ್ಟಿದ್ದಾಗಲೂ, ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತದೆ. ನಾನು ಇದೇ ಊರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಬೇರೆಯವರು ಬರೆದ ಸುದ್ದಿಯಲ್ಲಿ ‘ಎನ್ನಲಾಗಿದೆ’ ಎಂಬ ಪದ ಕಂಡರೆ ‘ಯಾರು ಅಂದರು?’ ಎಂದು ಕೇಳುವುದು ನನ್ನ ಕೆಲಸ.

ಅಕ್ಕನನ್ನು ಕಾಟಾದ ಮೇಲೆ ಹತ್ತಿಸಿದ್ದಕ್ಕೆ ಕಾರಣವಿತ್ತು. ಅವಳ ಎರಡೂ ಮಂಡಿ ಸವೆದಿದ್ದವು. ಮಂಡಿ ಡಾಕ್ಟರು ಎಕ್ಸ್‌ರೇ ನೋಡಿ, ಮೊದಲು ತೂಕ ಇಳಿಸಿಕೊಳ್ಳಿ, ಮಂಡಿಯ ಮಾತು ಆಮೇಲೆ ಎಂದಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆ ಒಂದಿದ್ದದ್ದು ಮೂರಾಗಿ, ಇನ್ಸುಲಿನ್ನಿಗೆ ಬಂದು ನಿಂತಿತ್ತು. ನಿಂತು ಅಡುಗೆ ಮಾಡಲಾಗದೆ ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಸೌಟು ಆಡಿಸುತ್ತಿದ್ದಳು. ಒಂದು ದಿನ ಎಣಗಾಯಿಯ ಒಗ್ಗರಣೆ ಭಗ್ಗನೆ ಹೊತ್ತಿಕೊಂಡಿತು. ಅಕ್ಕನಿಗೆ ಲಗುಬಗೆಯಿಂದ ಏಳಲಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು ಹಿಟ್ಟಿನ ಕೈಯಲ್ಲೇ ಓಡಿಬಂದು ಗ್ಯಾಸ್ ಆರಿಸಿ, ರೊಟ್ಟಿಯ ಬುಟ್ಟಿಯ ಮೇಲಿದ್ದ ದೊಡ್ಡ ತಾಟನ್ನು ಕಡಾಯಿಗೆ ಮುಚ್ಚಿದಳು. ಅಕ್ಕನ ಸೆರಗಿನ ಅಂಚು ಸುಟ್ಟಿತ್ತು, ಅಷ್ಟೇ. ಆದರೆ ಆ ದಿನದಿಂದ ಅವಳು ಒಲೆಯ ಮುಂದೆ ಕೂತಾಗೆಲ್ಲ ಒಂದು ಕೈಯಿಂದ ಗೋಡೆ ಹಿಡಿದಿರುತ್ತಿದ್ದಳು.

ಸಕ್ಕರೆ ಡಾಕ್ಟರು ಹೊಟ್ಟೆಯ ಆಪರೇಶನ್ನಿನ ಮಾತು ತೆಗೆದದ್ದು ಆಗ. ತೂಕ ಇಳಿಸಲು ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಷ್ಟು ದಪ್ಪದ ಕೊಳವೆ ಮಾತ್ರ ಉಳಿಸುತ್ತಾರೆ. ಅಕ್ಕ ನನಗೆ ಫೋನ್ ಮಾಡಿದಳು.

“ತಮ್ಮಾ, ನೀ ಪೇಪರ್‌ದಾಂವ ಇದ್ದಿ. ಊರ ಮಂದಿ ಜಗಳಾ ಎರಡೂ ಕಡಿ ಕೇಳಿ ಬರೀತಿ. ನನ್ನ ಹೊಟ್ಟೀದೂ ಹಂಗ ಬರದ ಕೊಡು. ಮಾಡಿಸ್ಕೊಂಡ್ರ ಏನು, ಬಿಟ್ರ ಏನು. ಓದಿ ನಾ ಹೇಳತೇನಿ.”

“ಖರ್ಚಿಂದು?”

“ಅದು ನನಗ ಬಿಡು. ನೀ ಹೊಟ್ಟೀದಷ್ಟ ಬರಿ.”

ಇದು ಸರಳವಾದ ಕೆಲಸವೆಂದುಕೊಂಡೆ. ಸರಳವಾಗಿರಲಿಲ್ಲ, ಏಕೆಂದರೆ ಅಕ್ಕನ ಹೊಟ್ಟೆ ಅವಳೊಬ್ಬಳದಾಗಿರಲಿಲ್ಲ.

ನಮ್ಮ ಕಡೆ ಮನೆಯ ಹೆಂಗಸು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಾಳೆ. ಈ ಖಾನಾವಳಿಯಲ್ಲಿ ಮಾತ್ರ ಅವಳು ಎಲ್ಲರಿಗಿಂತ ಮೊದಲು, ಎಲ್ಲರೆದುರು ಉಣ್ಣಬೇಕು. ಇದನ್ನು ಶುರುಮಾಡಿದವರು ಅಕ್ಕನ ಅತ್ತೆ. ಯಾರೋ ಗಿರಾಕಿ ನಿನ್ನೆಯ ಪಲ್ಯ ಬಡಿಸಿದ್ದಾರೆಂದು ಬಾಗಿಲಲ್ಲಿ ನಿಂತು ಕೂಗಾಡಿದನಂತೆ. ಅತ್ತೆ ಒಂದು ತಾಟು ತುಂಬಿಸಿಕೊಂಡು ಬಂದು ಮುಂದಿನ ಟೇಬಲ್ಲಿನಲ್ಲಿ ಕೂತು, ಅವನನ್ನು ನೋಡುತ್ತ ಪೂರ್ತಿ ಉಂಡು, ಎರಡನೆಯ ತಾಟನ್ನೂ ಉಂಡರಂತೆ. ಮೂಲ ಅತ್ತೆಯೇ ಆದ್ದರಿಂದ ಎರಡನೆಯ ತಾಟಿನ ಬಗ್ಗೆ ನನಗೆ ಅನುಮಾನವಿದೆ. ಆದರೆ ಪದ್ಧತಿ ಉಳಿಯಿತು. ದಿನಾ ಹನ್ನೆರಡೂಕಾಲಿಗೆ ಅಕ್ಕ ಬಾಗಿಲಿಗೆ ಮುಖಮಾಡಿ ಕೂತು ಎರಡು ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮೊಸರು ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮುಗಿಸಿ ತಾಟನ್ನು ಓರೆಮಾಡಿ ತೋರಿಸುವಳು. ಹೊರಗೆ ನಿಂತ ಗಿರಾಕಿಗಳು ಆಗ ಒಳಗೆ ಬರುವರು. ಖಾನಾವಳಿಗೆ ಬೇರೆ ಜಾಹೀರಾತು ಇಲ್ಲ.

ಹೀಗಾಗಿ ಪ್ರಶ್ನೆ ಇಷ್ಟಿತ್ತು: ಆಪರೇಶನ್ ಮಾಡಿಸದಿದ್ದರೆ ಅಕ್ಕ ಒಲೆಯ ಮುಂದೆ ನಿಲ್ಲಲಾರಳು. ಮಾಡಿಸಿದರೆ ತಾಟಿನ ಮುಂದೆ ಕೂರಲಾರಳು. ಎರಡೂ ಇಲ್ಲದೆ ಖಾನಾವಳಿ ಇಲ್ಲ.

ನಾನು ಸುದ್ದಿಕಾಗದದ ಒಂದು ದೊಡ್ಡ ಹಾಳೆ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ಪರ, ಬಲಕ್ಕೆ ವಿರೋಧ. ಪ್ರತಿ ಮಾತಿನ ಮುಂದೆ ಮೂಲ. ಪರ: ಸಕ್ಕರೆ ಹತೋಟಿಗೆ ಬರುವ ಸಾಧ್ಯತೆ, ಮೂಲ ಸಕ್ಕರೆ ಡಾಕ್ಟರು. ಪರ: ಮಂಡಿಯ ನೋವು ಇಳಿಯಬಹುದು, ಮೂಲ ಮಂಡಿ ಡಾಕ್ಟರು. ಪರ: ಗೊರಕೆ ಕಡಿಮೆಯಾಗಬಹುದು, ಮೂಲ ಮಾಮಾ, ಸ್ವಂತ ಹಿತಾಸಕ್ತಿ ಇದೆ. ವಿರೋಧದಲ್ಲಿ ಮೊದಲನೆಯದಾಗಿ, ತೆಗೆದದ್ದನ್ನು ಮರಳಿ ಜೋಡಿಸಲು ಬರುವುದಿಲ್ಲ ಎಂದು ಬರೆದೆ.

ಎರಡನೆಯದನ್ನು ರೊಟ್ಟಿ ಬಡಿಯುವವಳು ಹೇಳಿದಳು. “ಗಬ್ಬೂರದಾಗ ಒಬ್ಬಾಕಿ ಇದ ಆಪರೇಶನ್ ಮಾಡಿಸ್ಕೊಂಡು ಸತ್ತಳಂತ್ರಿ. ಎರಡ ಸಣ್ಣ ಮಕ್ಕಳಂತ.”

“ಯಾರು ಅಂದರು?”

“ಎಲ್ಲಾರೂ ಅಂತಾರ್ರಿ.”

‘ಎಲ್ಲರೂ’ ನಮ್ಮ ಡೆಸ್ಕಿನಲ್ಲಿ ಮೂಲವಲ್ಲ. ರಜೆಯ ದಿನ ಸ್ಕೂಟರ್ ತೆಗೆದುಕೊಂಡು ಗಬ್ಬೂರಿಗೆ ಹೋದೆ. ಮೂರು ಮನೆ ಕೇಳಿ ನಾಲ್ಕನೆಯದನ್ನು ಮುಟ್ಟಿದಾಗ, ಅಂಗಳದಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಮೆಣಸಿನಕಾಯಿ ಹರವುತ್ತಿದ್ದಳು. ಬಂದ ವಿಷಯವನ್ನು ಹೇಗೆ ಹೇಳುವುದೆಂದು ತೋಚದೆ, ಹೊಟ್ಟೆಯ ಆಪರೇಶನ್ ಆದವರ ಮನೆ ಇದೇ ಏನು ಎಂದು ಕೇಳಿದೆ.

“ನಾನ ರೀ. ಪಿತ್ತಕೋಶದಾಗ ಹರಳ ಆಗಿದ್ವು, ತೆಗಸೀನಿ. ಯಾಕ್ರಿ?”

“ಏನಿಲ್ಲ, ತಬ್ಯತ್ ಹೆಂಗೈತಿ ಅಂತ ಕೇಳಾಕ ಬಂದಿದ್ದೆ.”

ಆಕೆ ಮೆಣಸಿನಕಾಯಿ ಬಿಟ್ಟು ಎದ್ದಳು. “ಸತ್ತೇನಿ ಅಂತ ಕೇಳಿ ಬಂದೀರಿ ಹೌದಲ್ಲ? ಈ ವಾರದಾಗ ನೀವು ಮೂರನೇದವ್ರು. ಒಬ್ರು ಹೂವಿನ ಮಾಲಿ ತಂದಿದ್ರು. ಕೂಡ್ರಿ, ಚಹಾ ಕುಡದ ಹೋಗ್ರಿ.”

ಕೂತು ಚಹಾ ಕುಡಿದೆ. ಮಕ್ಕಳೂ ಸಣ್ಣವರಲ್ಲ, ಹಿರಿಯ ಮಗಳ ಮದುವೆಯಾಗಿತ್ತು. ಹಾಳೆಯಿಂದ ಆ ಸಾಲನ್ನು ಹೊಡೆದುಹಾಕಿದೆ. ಆದರೆ ಅಪಾಯ ಸುಳ್ಳೆಂದು ಅದರ ಅರ್ಥವಲ್ಲ. ಅದನ್ನು ತಿಳಿದವರನ್ನೇ ಕೇಳಬೇಕಿತ್ತು. ಮುಂದಿನ ವಾರ ಅಕ್ಕ, ಮಾಮಾ ಮತ್ತು ನಾನು ಧಾರವಾಡ ರಸ್ತೆಯ ಕಡೆಗಿದ್ದ ಒಂದು ಆಸ್ಪತ್ರೆಗೆ ಹೋದೆವು.

ಸರ್ಜನ್ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಯಾವುದನ್ನೂ ಮುಚ್ಚಿಡಲಿಲ್ಲ. ಅಪರೂಪಕ್ಕೆ ರಕ್ತ ಸೋರಬಹುದು, ಹೊಲಿಗೆ ಸೋರಬಹುದು, ಮತ್ತೆ ಆಪರೇಶನ್ ಬೇಕಾಗಬಹುದು, ತೀರಾ ಅಪರೂಪಕ್ಕೆ ಜೀವಕ್ಕೂ ಬರಬಹುದು. ಎದೆಯುರಿ ಬರಬಹುದು. ಕೆಲವು ತಿಂಗಳು ಕೂದಲು ಉದುರುತ್ತದೆ, ಚರ್ಮ ಜೋಲುತ್ತದೆ. ಜೀವಮಾನವಿಡೀ ವಿಟಮಿನ್ ಗುಳಿಗೆ ನುಂಗಬೇಕು. ಹಳೆಯ ಚಾಳಿಗೆ ಬಿದ್ದರೆ ತೂಕ ಮತ್ತೆ ಏರುತ್ತದೆ. ತೂಕ ಇಳಿಸುವ ಸೂಜಿಮದ್ದೂ ಈಗ ಇದೆ, ಅದೂ ಒಂದು ದಾರಿ ಎಂದೂ ಹೇಳಿದರು.

“ಸೂಜಿ ಬ್ಯಾಡ್ರಿ ಬಾಯಾರ,” ಅಂದಳು ಅಕ್ಕ. “ಈಗ ಚುಚ್ಚೂದ ಸಾಕಾಗೇತಿ. ಒಂದ ಮಾತ ಹೇಳ್ರಿ, ಆಮ್ಯಾಲೆ ಒಂದ ಹೊತ್ತಿಗೆ ಎಷ್ಟ ಉಣ್ಣಾಕ ಬರತೈತಿ?”

ಸರ್ಜನ್ ಮೇಜಿನ ಮೇಲಿದ್ದ ಚಹಾದ ಕಪ್ಪು ತೋರಿಸಿದರು. “ಮೊದಲ ಇದರ ಅರ್ಧಾನೂ ಇಲ್ಲ. ಮುಂದ ಒಂದು ಸಣ್ಣ ಬಟ್ಟಲ. ನಿಧಾನಕ್ಕ, ಭಾಳ ಹೊತ್ತು ಅಗಿದು ಉಣ್ಣಬೇಕು.”

“ರೊಟ್ಟಿ?”

“ಕೆಲವು ತಿಂಗಳಾದ ಮ್ಯಾಲೆ ಒಂದ ತುಣುಕು.”

ಅಕ್ಕ ಕಪ್ಪನ್ನು ಎತ್ತಿ ಒಳಗೆ ನೋಡಿದಳು. “ಇದರಾಗ ನಮ್ಮ ಚಟ್ನೀನೂ ಹಿಡಿಯೂದಿಲ್ಲ,” ಅಂದಳು.

ಪಕ್ಕದ ಕೋಣೆಯ ಆಹಾರತಜ್ಞೆ, ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದು ತರಬೇಕೆಂದು ಒಂದು ನೋಟ್‌ಬುಕ್ ಕೊಟ್ಟಳು. ಅಕ್ಕ ಬರೆದದ್ದು ಹೀಗೆ: ಮುಂಜಾನೆ ಚಹಾ, ಮಧ್ಯಾಹ್ನ ತಾಟು, ಸಂಜೆ ಚಹಾ, ರಾತ್ರಿ ಒಂದು ರೊಟ್ಟಿ. ಏಳೂ ದಿನ ಇದೇ. ಇಷ್ಟು ಉಂಡು ಒಂದು ಕ್ವಿಂಟಲ್ ಹದಿನಾಲ್ಕು ಆಗುವುದು ಸಾಧ್ಯವಿಲ್ಲ ಎನಿಸಿ, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮೂಲೆ ಹಿಡಿದು ಕೂತು ನಾನೇ ದಾಖಲಿಸಿದೆ. ಎಂಟೂ ಹತ್ತಕ್ಕೆ ಬೇಳೆ ಬೆಂದಿದೆಯೋ ಎಂದು ಒಂದು ಸೌಟು. ಎಂಟೂವರೆಗೆ ಶೇಂಗಾ ಹುರಿದಿದೆಯೋ ಎಂದು ಒಂದು ಹಿಡಿ. ಒಂಬತ್ತಕ್ಕೆ ಬಿಸಿ ರೊಟ್ಟಿಯ ತುಣುಕಿನಲ್ಲಿ ಚಟ್ನಿಯ ಖಾರ. ಒಂಬತ್ತೂ ಐದಕ್ಕೆ ಇನ್ನೊಂದು ತುಣುಕಿನಲ್ಲಿ ಅದೇ ಚಟ್ನಿಯ ಉಪ್ಪು. ಎಣಗಾಯಿ ಮೆತ್ತಗಾಗಿದೆಯೋ ಎಂದು ಒಂದು ಬದನೆಕಾಯಿ; ಅದು ಮೆತ್ತಗಾಗಿತ್ತು, ಆದರೆ ಉಳಿದವು ಆಗಿವೆಯೋ ಎಂದು ಇನ್ನೊಂದು. ಹನ್ನೊಂದು ಗಂಟೆಗೆ ನನ್ನ ಲೆಕ್ಕದಲ್ಲಿ ಎರಡೂವರೆ ರೊಟ್ಟಿ, ಮೂರು ಬದನೆಕಾಯಿ ಆಗಿದ್ದವು.

ನೋಟ್‌ಬುಕ್ ತೋರಿಸಿದೆ. ಅಕ್ಕ ಸಿಟ್ಟಾದಳು.

“ಇದು ಉಣ್ಣೂದಲ್ಲೋ, ಕೆಲಸ. ನೀ ಸುದ್ದಿ ತಿದ್ದತಿ. ತಿದ್ದಿದ್ದೆಲ್ಲಾ ನಿನ್ನ ಸುದ್ದಿ ಆಗತೈತೇನು?”

ನಾನು ನೋಟ್‌ಬುಕ್ ಮುಚ್ಚಿದೆ. ಈ ಮಾತನ್ನು ಹಾಳೆಯಲ್ಲಿ ಬರೆಯಲಿಲ್ಲ.

ಸರ್ಜನ್ ಹೇಳಿದ್ದನ್ನೆಲ್ಲ ಸೇರಿಸಿ ಆ ಹಾಳೆಯನ್ನು ನಾನು ಅಕ್ಕನ ಕೈಗೆ ಕೊಟ್ಟೆ. ಅಕ್ಕ ಓದಿ ಗಲ್ಲೆಯ ಮೇಲಿಟ್ಟಳು. ಮಾಮಾ ಅದನ್ನು, ಇಷ್ಟು ಚೆಂದ ಬರೆದದ್ದು ಹಾಳಾಗಬಾರದೆಂದು, ಇಂದಿನ ಪಲ್ಯ ಬರೆಯುವ ಹಲಗೆಯ ಪಕ್ಕದಲ್ಲಿ ಗೋಡೆಗೆ ಅಂಟಿಸಿದರು. ಮೂರು ದಿನ ಬಿಟ್ಟು ನಾನು ಊಟಕ್ಕೆ ಹೋದಾಗ ಹಾಳೆ ಬೆಳೆದಿತ್ತು. ಗಿರಾಕಿಗಳು ಕೈತೊಳೆದು ಬಂದವರೇ ಮಾಮಾನ ಪೆನ್ನು ಇಸಿದುಕೊಂಡು ತಮ್ಮ ಅಭಿಪ್ರಾಯ ಬರೆಯುತ್ತಿದ್ದರು. ಪರ: ಮುಂದಿನ ಟೇಬಲ್ಲಿನಾಗ ಇನ್ನೊಬ್ರಿಗೆ ಜಾಗಾ ಆಕ್ಕೈತಿ. ವಿರೋಧ: ಸಣಕಲು ಅಡಗಿಯವರನ್ನ ನಂಬಬಾರದು. ಪರ: ಮಾಮಾಗ ಸ್ವಲ್ಪ ಊಟ ಉಳೀತೈತಿ. ಕೆಳಗೆ, ಎರಡೂ ಕಾಲಂ ಸೇರಿಸಿ ಅಡ್ಡಲಾಗಿ: ಚಟ್ನಿಗೆ ಬಳ್ಳೊಳ್ಳಿ ಕಡಿಮಿ ಬೀಳಾಕತ್ತೇತಿ, ಗಮನಿಸಬೇಕು.

ಇಪ್ಪತ್ತು ವರ್ಷಗಳಿಂದ ದಿನಾ ಇಲ್ಲಿಯೇ ಉಣ್ಣುವ ನಿವೃತ್ತ ಮಾಸ್ತರರು ಕೆಂಪು ಪೆನ್ನು ತಂದು ಎಲ್ಲರಿಗೂ ಅಂಕ ಹಾಕಿದ್ದರು. ನನ್ನ ಬರಹಕ್ಕೆ ಹತ್ತಕ್ಕೆ ಆರು ಬಂದಿತ್ತು.

“ಆರ ಯಾಕ್ರಿ ಮಾಸ್ತರ?” ಎಂದೆ.

“ಎರಡೂ ಕಡಿ ಬರದೀರಿ, ಖರೇ. ನಿಮಗ ಏನ ಅನಸ್ತೈತಿ ಅದು ಎಲ್ಲೈತಿ?”

“ನನಗ ಅನಸೂದು ಬರೀಬಾರದು ಅಂತ ನಮ್ಮ ರೂಢಿ.”

“ಅದಕ್ಕ ನಾಕ ಅಂಕ ಕಟ್.”

ಅಷ್ಟರಲ್ಲಿ ಅಕ್ಕ ಒಳಗಿನಿಂದ ಗೋಡೆ ಹಿಡಿದುಕೊಂಡು ಹೊರಬಂದಳು. ಗೋಡೆಯ ಮೇಲೆ ಬೆಳೆದ ಹಾಳೆಯನ್ನು ಅವಳು ಆವರೆಗೆ ನೋಡಿರಲಿಲ್ಲ. ದಿನಾ ಉಣ್ಣಲು ಬಾಗಿಲಿಗೆ ಮುಖಮಾಡಿ ಕೂತಾಗ ಅದು ಅವಳ ಬೆನ್ನ ಹಿಂದಿರುತ್ತಿತ್ತು. ನಿಂತು ಪೂರ್ತಿ ಓದಿದಳು. ಉಣ್ಣುತ್ತಿದ್ದವರು ತಾಟಿಗೆ ತಲೆ ಬಗ್ಗಿಸಿದರು.

“ನನ್ನ ಹೊಟ್ಟಿ ಏನ ಮುನ್ಸಿಪಾಲ್ಟಿ ಜಾಗಾ ಏನ್ರಿ? ಎಲ್ಲಾರೂ ಅರ್ಜಿ ಹಾಕೀರಲ್ಲಾ!” ಎಂದಳು. ಆಮೇಲೆ ಮಾಮಾನತ್ತ ತಿರುಗಿ, “ಬಳ್ಳೊಳ್ಳಿ ಯಾರ ಬರದಿದ್ದು, ಅವ್ರಿಗೆ ಇವತ್ತ ಚಟ್ನಿ ಹಾಕಬ್ಯಾಡ್ರಿ,” ಅಂದಳು.

ಹಾಳೆ ಮಾತ್ರ ಗೋಡೆಯ ಮೇಲೇ ಉಳಿಯಿತು. ಅಕ್ಕ ಆಪರೇಶನ್ನಿಗೆ ಹೂಂ ಅಂದಳು, ಆದರೆ ಅರ್ಧ ಮನಸ್ಸಿನಿಂದ. ಸರ್ಜನ್ ದಿನ ಗೊತ್ತುಮಾಡಿ, ಅದಕ್ಕೂ ಮೊದಲು ಎರಡು ವಾರ ಗಟ್ಟಿ ಪದಾರ್ಥ ಬಿಟ್ಟು ಬರೀ ದ್ರವಾಹಾರ ತೆಗೆದುಕೊಳ್ಳಬೇಕು, ಲಿವರ್ ಸಣ್ಣದಾಗಬೇಕು, ತೂಕ ಸ್ವಲ್ಪವಾದರೂ ಇಳಿಯಬೇಕು ಎಂದರು. ಕುಡಿಯಲು ಪುಡಿಯ ಡಬ್ಬಿ ಬರೆದುಕೊಟ್ಟರು. ಇನ್ಸುಲಿನ್ ಎಷ್ಟು ಇಳಿಸಬೇಕೆಂದು ಸಕ್ಕರೆ ಡಾಕ್ಟರು ಹೇಳಿದರು.

ವಾರ ಕಳೆದು ತೋರಿಸಲು ಹೋದಾಗ ಆಸ್ಪತ್ರೆಯ ಕಾಟಾ ಒಂದು ಕಿಲೋ ಹೆಚ್ಚು ತೋರಿಸಿತು. ರಕ್ತದ ಸಕ್ಕರೆಯೂ ಏರಿತ್ತು.

“ಪೌಡರ್ ತಗೊಳ್ಳಿಲ್ಲೇನ್ರಿ?” ಸರ್ಜನ್ ಕೇಳಿದರು.

“ತಗೊಂಡೇನ್ರಿ ಬಾಯಾರ. ಒಂದ ಹೊತ್ತೂ ತಪ್ಪಿಸಿಲ್ಲ. ಊಟ ಆದ ಕೂಡ್ಲೇ ತಗೊಂಡೇನಿ.”

“ಊಟ?”

“ಹೌದ್ರಿ. ಔಷಧ ಖಾಲಿ ಹೊಟ್ಟ್ಯಾಗ ಹ್ಯಾಂಗ ತಗೊಳ್ಳೂದ್ರಿ?”

ಸರ್ಜನ್ ಪೆನ್ನು ಕೆಳಗಿಟ್ಟರು. ಅದು ಔಷಧವಲ್ಲ, ಅದೇ ಊಟ ಎಂದು ಮೂರು ಸಲ ವಿವರಿಸಿದರು. ಅಕ್ಕ ಉಳಿದ ಹೊತ್ತಿನ ಊಟ ಬಿಡಲು ತಕ್ಷಣ ಒಪ್ಪಿದಳು. ಹನ್ನೆರಡೂಕಾಲಿನ ತಾಟು ಮಾತ್ರ ಊಟವಲ್ಲ, ಪದ್ಧತಿ ಎಂದು ವಾದಿಸಿದಳು. “ಪದ್ಧತಿ ಲಿವರಿಗೆ ಗೊತ್ತಾಗೂದಿಲ್ರಿ,” ಎಂದರು ಸರ್ಜನ್. ದಿನವನ್ನು ಮೂರು ವಾರ ಮುಂದೆ ಹಾಕಿ, ಮನಸ್ಸು ಗಟ್ಟಿಮಾಡಿಕೊಂಡು ಬನ್ನಿ, ಇಲ್ಲವಾದರೆ ಬೇಡ, ಒತ್ತಾಯವಿಲ್ಲ ಎಂದು ಕಳಿಸಿದರು.

ಆದ್ದರಿಂದ ತಾಟಿನ ಮುಂದೆ ಮಾಮಾ ಕೂರಬೇಕಾಯಿತು. ಈ ಮನುಷ್ಯ ಮೂವತ್ತು ವರ್ಷ ಎಲ್ಲರೂ ಹೋದ ಮೇಲೆ ಹಿಂದಿನ ಕಟ್ಟೆಯ ಮೇಲೆ ಒಂದು ರೊಟ್ಟಿ ತಿಂದು ಎದ್ದವರು. ಮೊದಲ ದಿನ ನಾನು ಅಲ್ಲಿದ್ದೆ. ಅವರು ಇಸ್ತ್ರಿ ಅಂಗಿ ಹಾಕಿಕೊಂಡು, ಬಾಗಿಲಿಗೆ ಮುಖಮಾಡಿ ಕೂತು, ಫೋಟೋ ತೆಗೆಸಿಕೊಳ್ಳುವವರಂತೆ ರೊಟ್ಟಿ ಮುರಿದರು. ಹೊರಗೆ ಹತ್ತು ಮಂದಿ ನಿಂತು ನೋಡುತ್ತಿದ್ದರು. ಅರ್ಧ ರೊಟ್ಟಿಗೆ ಬಿಕ್ಕಳಿಕೆ ಬಂತು. ನೀರು ಕುಡಿದರು. ಮುಕ್ಕಾಲು ರೊಟ್ಟಿಗೆ ಹಣೆಯ ಬೆವರು ಒರೆಸಿಕೊಂಡರು.

“ಏನಾಗೇತ್ರಿ ಊಟಕ್ಕ?” ಹೊರಗಿನಿಂದ ಒಬ್ಬ ಕೇಳಿದ.

“ಊಟಕ್ಕ ಏನಾಗಿಲ್ಲ, ನನಗ ಆಗೇತಿ,” ಅಂದರು ಮಾಮಾ.

ರೊಟ್ಟಿ ಬಡಿಯುವವಳು ಒಳಗಿನಿಂದ ಇಣುಕಿ, “ಇವ್ರು ಉಣ್ಣೂದ ನೋಡಿದ್ರ ಹಸದಾಂವಗೂ ದವಾಖಾನಿ ನೆನಪಾಕ್ಕೈತಿ,” ಎಂದಳು. ಹತ್ತರಲ್ಲಿ ನಾಲ್ಕು ಮಂದಿ ಮುಂದಿನ ಓಣಿಯ ಖಾನಾವಳಿಗೆ ಹೋದರು. ಎರಡನೆಯ ದಿನ ಐದು ಮಂದಿ ಹೋದರು. ಮಾಸ್ತರರು ಹೋಗಲಿಲ್ಲ, ಆದರೆ ಉಣ್ಣುವ ಮೊದಲು ಪಲ್ಯವನ್ನು ಮೂಸಿ ನೋಡಿದರು. ಇಪ್ಪತ್ತು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಇದನ್ನೆಲ್ಲ ಅಕ್ಕ ಸ್ಟೂಲಿನ ಮೇಲಿನಿಂದ ನೋಡುತ್ತಿದ್ದಳು. ಮೂರನೆಯ ದಿನ ಖಾನಾವಳಿ ಖಾಲಿಯಾದ ಮೇಲೆ ನನ್ನನ್ನು ಕರೆದಳು. ಅವಳು ಆಪರೇಶನ್ ಬೇಡವೆನ್ನುತ್ತಾಳೆ ಎಂದುಕೊಂಡೆ. ಬೇಡವೆಂದರೆ ತಪ್ಪಿಲ್ಲ, ಕಾರಣಗಳು ಗೋಡೆಯ ಮೇಲೆಯೇ ಇವೆ ಎಂದು ಹೇಳುವುದಕ್ಕೂ ಸಿದ್ಧವಾಗಿದ್ದೆ.

“ತಮ್ಮಾ, ಆ ಹಾಳ್ಯಾಗ ಎಲ್ಲಾ ಬರದಿ,” ಎಂದಳು. “ಕೂದಲಾ ಬರದಿ, ಚರ್ಮಾ ಬರದಿ, ನಿಮ್ಮ ಮಾಮಾನ ನಿದ್ದೀನೂ ಬರದಿ. ಆ ದಿನ ಒಗ್ಗರಣಿ ಹೊತ್ತಿದ್ದು ಬರದಿಲ್ಲ.”

ನಾನು ಗೋಡೆಯ ಕಡೆ ನೋಡಿದೆ. ಇರಲಿಲ್ಲ. ಅದು ನನಗೆ ಗೊತ್ತಿದ್ದ ಸಂಗತಿ, ಅದಕ್ಕೆ ಮೂಲ ಕೇಳಬೇಕಿರಲಿಲ್ಲ, ಅದಕ್ಕೇ ಬಿಟ್ಟುಹೋಗಿತ್ತು. ಸುದ್ದಿಯ ಮೊದಲ ವಾಕ್ಯವನ್ನೇ ಬಿಟ್ಟು ಎರಡು ಕಾಲಂ ತುಂಬಿಸಿದ್ದೆ.

“ಬೆಂಕಿ ಕಣ್ಣ ಮುಂದಿತ್ತು. ಏಳಬೇಕಂದ್ರ ಕಾಲ ಏಳವಲ್ವು,” ಅಂದಳು ಅಕ್ಕ. “ಆಕಿ ಓಡಿ ಬರದಿದ್ರ? ನಾ ದಿನಾ ಅದನ್ನ ನೆನಸ್ಕೊಂಡು ಒಲಿ ಹಚ್ಚತೇನಿ. ಗಿರಾಕಿ ಹೋದ್ರ ತಿರುಗಿ ಬರ್ತಾರ. ನಾ ಒಲಿಗೆ ಹೆದರಿ ಅಡಗಿ ಮಾಡಿದ್ರ ಅದನ್ನ ಯಾರ ಉಣ್ಣಬೇಕು? ಡಾಕ್ಟರ ಬಾಯಾರಿಗೆ ಫೋನ್ ಹಚ್ಚು.”

ಆಮೇಲಿನ ಎರಡು ವಾರ ಅಕ್ಕ ಪುಡಿ ಕಲಸಿದ ನೀರು, ತಿಳಿಸಾರು, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಉಪ್ಪು ಖಾರ ನೋಡುವ ಕೆಲಸವನ್ನೂ ರೊಟ್ಟಿಯವಳಿಗೆ ವಹಿಸಿದಳು. ಪದ್ಧತಿಯ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಕಾಟಾ ಐದು ಕಿಲೋ ಕಡಿಮೆ ತೋರಿಸಿತು. ಮಾಮಾ ಈ ಸಲ ಕೂಗದೆ ಪಿಸುಮಾತಿನಲ್ಲಿ ಹೇಳಿದರು.

“ಈಗ ಕೂಗ್ರಿ!” ಅಂದಳು ಅಕ್ಕ.

ಆಪರೇಶನ್ನಿನ ದಿನ ಮಾಮಾ ಆಸ್ಪತ್ರೆಗೆ ನಾಲ್ಕು ಡಬ್ಬಿಯ ಕ್ಯಾರಿಯರ್ ತಂದಿದ್ದರು. ಯಾರಿಗೆ ಎಂದು ಕೇಳಿದೆ. ಅವರು ಕ್ಯಾರಿಯರನ್ನೂ ನನ್ನನ್ನೂ ನೋಡಿದರು. ದವಾಖಾನೆಗೆ ಬರಿಗೈಯಲ್ಲಿ ಬಂದು ರೂಢಿಯಿಲ್ಲ ಎಂದು ಖಾಲಿ ಕ್ಯಾರಿಯರನ್ನೇ ಹಿಡಿದು ಬಂದಿದ್ದರಂತೆ. ಸರ್ಜನ್ ಹೊರಬಂದು ಎಲ್ಲ ಸರಿಯಾಯಿತು ಎನ್ನುವವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಹೊತ್ತಿನಲ್ಲಿ ನಾನು ಎರಡೂ ಕಾಲಂಗಳನ್ನು ನೆನಪಿನಿಂದ ಓದಿಕೊಂಡೆ. ವಿರೋಧದ ಕಾಲಂ ಉದ್ದವಾಗಿತ್ತು.

ವಿರೋಧದಲ್ಲಿದ್ದ ಬಹಳಷ್ಟು ನಿಜವಾಯಿತು ಎಂದು ದಾಖಲಿಸಬೇಕು. ಮೊದಲ ವಾರಗಳಲ್ಲಿ ಎರಡು ಗುಟುಕು ಹೆಚ್ಚಾದರೆ ವಾಂತಿ. ಮೂರನೆಯ ತಿಂಗಳಲ್ಲಿ ಹಣಿಗೆಯ ತುಂಬ ಕೂದಲು. ತೋಳಿನ ಚರ್ಮ ಜೋತುಬಿದ್ದು ಹಳೆಯ ಕುಪ್ಪಸದ ತೋಳಿನಂತೆಯೇ ಸಡಿಲವಾಯಿತು. ಹಬ್ಬದ ದಿನ ಹೋಳಿಗೆ ತಟ್ಟಿ ಎಲ್ಲರಿಗೂ ಬಡಿಸಿ, ತನ್ನ ಪಾಲಿನ ಚೂರನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು ಕಡೆಗೆ ತಾಟಿಗೇ ಮರಳಿ ಹಾಕಿದಳು. “ನೋಡು, ಮೊದಲ ಹೊಟ್ಟಿ ಬ್ಯಾಡ ಅಂತಿದ್ದಿಲ್ಲ, ಮಂದಿ ಅಂತಿದ್ರು,” ಅಂದಳು. ಆಗ ಅವಳು ನಗುತ್ತಿರಲಿಲ್ಲ. ಪರದ ಕಾಲಮ್ಮಿನಲ್ಲಿ ಇನ್ಸುಲಿನ್ ನಿಂತಿತು, ಒಂದು ಗುಳಿಗೆ ಉಳಿಯಿತು. ಮಂಡಿ ಡಾಕ್ಟರು ಮಂಡಿಯ ಆಪರೇಶನ್ನಿನ ಮಾತು ಬಿಟ್ಟು, ಇನ್ನೊಂದು ವರ್ಷ ನೋಡೋಣ ಎಂದರು. ಗೊರಕೆ ನಿಂತದ್ದರಿಂದ ಮಾಮಾನಿಗೆ ಕೆಲವು ದಿನ ನಿದ್ದೆ ಬರಲಿಲ್ಲ.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಹನ್ನೆರಡೂಕಾಲಿಗೆ ಅಕ್ಕ ಮುಂದಿನ ಟೇಬಲ್ಲಿಗೆ ಬಂದು ಕೂತಳು. ಮಾಮಾ ಗಲ್ಲೆಯ ಮೇಲೆ ಮರಳಿ ಕೂತು ದೊಡ್ಡ ಉಸಿರು ಬಿಟ್ಟರು. ಅಕ್ಕನ ಮುಂದೆ ತಾಟಿರಲಿಲ್ಲ, ಒಂದು ಸಣ್ಣ ಬಟ್ಟಲಿತ್ತು. ಎಲ್ಲ ಪಾತ್ರೆಗಳಿಂದ ಒಂದೊಂದು ಚಮಚೆ, ಮೇಲೆ ಅಂಗೈಯಷ್ಟು ರೊಟ್ಟಿ. ಹೊರಗೆ ಮಂದಿ ಕೂಡಿದರು. ಮುಂದಿನ ಓಣಿಗೆ ಹೋಗಿದ್ದವರಲ್ಲಿಯೂ ಮೂವರು ಬಂದಿದ್ದರು.

ಅಕ್ಕ ಒಂದು ತುತ್ತು ಇಟ್ಟು ಅಗಿಯತೊಡಗಿದಳು. ಅಗಿದಳು. ಮತ್ತೂ ಅಗಿದಳು. ಮೊದಲು ಹತ್ತು ನಿಮಿಷದಲ್ಲಿ ತಾಟು ಮುಗಿಯುತ್ತಿತ್ತು. ಈಗ ಬಟ್ಟಲು ಅರ್ಧವಾಗುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಹೊರಗೆ ಹೊಟ್ಟೆಗಳು ಸದ್ದು ಮಾಡುತ್ತಿದ್ದವು.

“ಅಕ್ಕಾರ, ಇನ್ನ ಎಷ್ಟೈತ್ರಿ?” ಮಾಸ್ತರರು ಗಡಿಯಾರ ನೋಡಿಕೊಂಡು ಕೇಳಿದರು.

“ಇನ್ನ ಐದ ತುತ್ತ ಅದಾವ್ರಿ ಮಾಸ್ತರ.”

“ಐದಂದ್ರ ಒಂದ ಗಂಟಿ ಹೊಡೀತೈತಿ!”

ಆ ಐದರಲ್ಲಿ ಎರಡನೆಯ ತುತ್ತಿಗೆ ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು. ಕಾಳುಪಲ್ಯವನ್ನು ಇನ್ನೊಮ್ಮೆ ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿದಳು.

“ಇದರಾಗ ಉಪ್ಪ ಹೆಚ್ಚಾಗೇತಿ,” ಎಂದಳು.

ರೊಟ್ಟಿ ಬಡಿಯುವವಳು ಒಳಗಿನಿಂದ ಬಂದಳು. “ಇಲ್ರೀ ಅಕ್ಕಾರ, ನೀವು ಹಾಕತಿದ್ದಷ್ಟ ಹಾಕೇನಿ. ನಿಮ್ಮ ಅಳತಿ ಚಮಚೇನ ಐತಿ.”

“ಹಂಗಾರ ಮೂವತ್ತ ವರ್ಷದಿಂದ ಹೆಚ್ಚೈತಿ,” ಅಂದಳು ಅಕ್ಕ. “ನುಂಗೂ ಅವಸರದಾಗ ಗೊತ್ತ ಆಗಿಲ್ಲ.”

ಎದ್ದಳು. ಟೇಬಲ್ಲಿಗೆ ಕೈ ಊರಲಿಲ್ಲ, ಗೋಡೆ ಹಿಡಿಯಲಿಲ್ಲ. ನಡೆದು ಒಳಗೆ ಹೋಗಿ ಪಾತ್ರೆಗೆ ಬೇಯಿಸಿದ ಕಾಳು ಸುರಿದು ಸೌಟಿನಿಂದ ಕಲಸಿದಳು. ಸ್ಟೂಲು ಅಡುಗೆಮನೆಯ ಮೂಲೆಯಲ್ಲಿತ್ತು. ಅದರ ಮೇಲೆ ಉಳ್ಳಾಗಡ್ಡಿಯ ಬುಟ್ಟಿ ಇಟ್ಟಿದ್ದರು.

ಈಗ ಅಕ್ಕ ಹನ್ನೊಂದೂವರೆಗೇ ಬಟ್ಟಲು ಹಿಡಿದು ಕೂರುತ್ತಾಳೆ, ಹನ್ನೆರಡೂಕಾಲಿಗೆ ಮುಗಿಸುತ್ತಾಳೆ. ಊಟದಲ್ಲಿ ಉಪ್ಪು, ಎಣ್ಣೆ, ಖಾರ ಒಂದೊಂದಾಗಿ ಇಳಿದಿವೆ. ಗಿರಾಕಿಗಳು ರುಚಿ ಹೋಯಿತೆಂದು ದಿನಾ ದೂರುತ್ತಾರೆ, ದಿನಾ ಉಣ್ಣಲು ಬರುತ್ತಾರೆ. ಈ ಆಪರೇಶನ್ನಿನಿಂದ ಮಾಡಿಸಿಕೊಳ್ಳದವರಿಗೆ ಆಗುವ ತೊಂದರೆಯನ್ನು ಗೋಡೆಯ ಹಾಳೆಯಲ್ಲಿ ಯಾರೂ ಊಹಿಸಿರಲಿಲ್ಲ. ವಿರೋಧದ ಕಾಲಮ್ಮಿನ ಕೊನೆಯಲ್ಲಿ ನಾನೇ ಅದನ್ನು ಸೇರಿಸಿದೆ. ಪರದ ಕಾಲಮ್ಮಿನ ತುದಿಯಲ್ಲಿ, ಬಿಟ್ಟುಹೋಗಿದ್ದ ಒಗ್ಗರಣೆಯ ಸಂಗತಿಯನ್ನೂ ಬರೆದೆ. ಮಾಸ್ತರರು ಆರನ್ನು ಹೊಡೆದು ಏಳು ಮಾಡಿದರು.

ಅವರು ಇತ್ತೀಚೆಗೆ ಅಂಗಿಯ ಕಿಸೆಯಲ್ಲಿ ಸಣ್ಣದೊಂದು ಉಪ್ಪಿನ ಪೊಟ್ಟಣ ತರುತ್ತಾರೆ. ಅದು ಹೊರಬಿದ್ದರೆ ಸಾಕು, ಅಕ್ಕ ಒಲೆಯ ಮುಂದಿನಿಂದ ಎದ್ದು ಬರುತ್ತಾಳೆ ಎಂದು ಬರೆಯಹೊರಟಿದ್ದೆ. ತಿದ್ದುಪಡಿ: ಎದ್ದು ಬರುವ ಮಾತಿಲ್ಲ, ಅವಳು ನಿಂತೇ ಇರುತ್ತಾಳೆ. ಎಂಟು ಹೆಜ್ಜೆ ನಡೆದು ಬಂದು ಪೊಟ್ಟಣ ಕಿತ್ತುಕೊಳ್ಳುತ್ತಾಳೆ.